ದಾಳ ಉರುಳುವ ಮುನ್ನ

ಕಳೆದ ಚಳಿಗಾಲದಲ್ಲಿ ಮಗನ ಮನೆಗೆಂದು ಅಮೆರಿಕದ ಮಿನೆಸೋಟಾ ರಾಜ್ಯಕ್ಕೆ ಹೋಗಿದ್ದೆ. ಮಿನಿಯಾಪೊಲಿಸ್ ಮತ್ತು ಸೇಂಟ್ ಪಾಲ್ ಎಂಬ ಅವಳಿ ನಗರಗಳ ಅಂಚಿನ ಬಡಾವಣೆ ಅದು. ಹೊರಗೆ ಮೊಣಕಾಲುದ್ದದ ಹಿಮ. ಬೆಂಗಳೂರಿನಲ್ಲಿ ದಿನಕ್ಕೆ ಐದು ಕಿಲೋಮೀಟರ್ ನಡೆಯುವ ಅಭ್ಯಾಸವಿದ್ದ ನನಗೆ ಅಲ್ಲಿ ಕಿಟಕಿಯೊಂದೇ ಗತಿಯಾಗಿತ್ತು. ಒಂದು ಶನಿವಾರ ಮಧ್ಯಾಹ್ನ ಹದಿನಾಲ್ಕು ವರ್ಷದ ಮೊಮ್ಮಗ ಬಂದು, ‘ತಾತ, ನಮ್ಮ ಆಟಕ್ಕೆ ಒಬ್ಬರು ಕಮ್ಮಿ ಇದ್ದಾರೆ, ನೀವು ಬರ್ತೀರಾ?’ ಎಂದು ಕೇಳಿದ. ಇಸ್ಪೀಟೋ ಚೌಕಾಬಾರವೋ ಇರಬೇಕೆಂದುಕೊಂಡು ಮೆಟ್ಟಿಲಿಳಿದು ನೆಲಮಾಳಿಗೆಗೆ ಹೋದೆ. ಐದು ಗಂಟೆಗಳ ನಂತರ ಮೇಲೆ ಬಂದಾಗ, ಮೂರು ದಶಕಕ್ಕೂ ಮೀರಿದ ನನ್ನ ಸರ್ಕಾರಿ ಸೇವೆಯ ಒಂದು ಹಳೆಯ ಕಡತ ಮನಸ್ಸಿನಲ್ಲಿ ಮತ್ತೆ ತೆರೆದುಕೊಂಡಿತ್ತು. ಅದನ್ನು ಓದುಗರ ಮುಂದಿಡುವುದೇ ಈ ಲೇಖನದ ಉದ್ದೇಶ.

ಆಟದ ಹೆಸರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. ಇದರಲ್ಲಿ ಹಾಸಿಲ್ಲ, ಕಾಯಿಗಳ ಓಟವಿಲ್ಲ, ಗೆದ್ದವರು ಸೋತವರೂ ಇಲ್ಲ. ಮೇಜಿನ ಸುತ್ತ ಕುಳಿತವರು ಒಂದೊಂದು ಪಾತ್ರ ವಹಿಸುತ್ತಾರೆ. ಒಬ್ಬ ಯೋಧ, ಒಬ್ಬ ಮಾಂತ್ರಿಕ, ಒಬ್ಬ ಕಳ್ಳ, ಒಬ್ಬ ಪೂಜಾರಿ ಹೀಗೆ. ಇನ್ನೊಬ್ಬರು ‘ಡಂಜನ್ ಮಾಸ್ಟರ್’. ಅಂದರೆ ಸೂತ್ರಧಾರ, ಪಂಚ ಎರಡೂ ಅವರೇ. ಅವರು ಒಂದು ಲೋಕವನ್ನು ಮಾತಿನಲ್ಲಿ ಕಟ್ಟುತ್ತಾರೆ: ಪಾಳುಬಿದ್ದ ಕೋಟೆ, ಅದರಡಿಯ ಸುರಂಗ, ಕತ್ತಲೆಯಲ್ಲಿ ಏನೋ ಮಿಸುಕಿದ ಸದ್ದು. ನಂತರ ಕೇಳುತ್ತಾರೆ: ‘ಈಗ ಏನು ಮಾಡುತ್ತೀರಿ?’ ಆಟಗಾರರು ಮಾಡುವುದನ್ನು ಹೇಳುತ್ತಾರೆ. ಫಲ ನಿಶ್ಚಿತವಲ್ಲದಿದ್ದರೆ ದಾಳ ಉರುಳುತ್ತದೆ. ಮುಖ್ಯ ದಾಳಕ್ಕೆ ಇಪ್ಪತ್ತು ಮುಖಗಳು. ಪ್ರತಿ ಮುಖಕ್ಕೂ ಶೇ 5ರಷ್ಟು ಸಾಧ್ಯತೆ.

ದಾಳವೆಂದರೆ ನಮಗೆ ಮೊದಲು ನೆನಪಾಗುವುದು ಹಸ್ತಿನಾವತಿಯ ಸಭೆ. ಅಲ್ಲಿ ದಾಳ ಅಣ್ಣತಮ್ಮಂದಿರನ್ನು ಎದುರುಬದುರು ಕೂರಿಸಿತು. ಇಲ್ಲಿ ಎಲ್ಲರೂ ಒಂದೇ ಕಡೆ. ಎದುರಿಗಿರುವುದು ಕತ್ತಲೆ ಮಾತ್ರ.

ಆ ದಿನದ ಸೂತ್ರಧಾರರು ಪಕ್ಕದ ಮನೆಯ ನಿವೃತ್ತ ಶಾಲಾ ಶಿಕ್ಷಕರು, ಹೆಚ್ಚುಕಡಿಮೆ ನನ್ನದೇ ವಯಸ್ಸಿನವರು. ಅವರ ಮುಂದೊಂದು ರಟ್ಟಿನ ಪರದೆ. ಮೊಮ್ಮಗ ‘ಡ್ವಾರ್ಫ್’ ಎಂಬ ಗಿಡ್ಡ ಜನಾಂಗದ ಯೋಧ. ಅವನ ಇಬ್ಬರು ಸಹಪಾಠಿಗಳಲ್ಲಿ ಹುಡುಗಿ ಕಳ್ಳಿ, ಹುಡುಗ ಮಾಂತ್ರಿಕ. ನನ್ನ ಸೊಸೆ ಬಿಲ್ಲುಗಾರ್ತಿ. ನನಗೆ ಸಿಕ್ಕಿದ್ದು ಪೂಜಾರಿಯ ಪಾತ್ರ. ‘ಮಾವ, ನಿಮ್ಮ ಕೆಲಸ ಗಾಯ ವಾಸಿಮಾಡೋದು. ದಿನಕ್ಕೆ ಮೂರೇ ಮಂತ್ರ, ನೋಡಿಕೊಂಡು ಖರ್ಚು ಮಾಡಿ’ ಎಂದು ಸೊಸೆ ಎಚ್ಚರಿಸಿದಳು. ಆಯವ್ಯಯ ನೋಡಿ ತಲೆ ನರೆತವನಿಗೆ ಇದೇನು ಮಹಾ ಎಂದುಕೊಂಡೆ.

ಈ ಆಟ ಹುಟ್ಟಿದ ಪ್ರದೇಶದಲ್ಲೇ ನಾನು ಕುಳಿತಿದ್ದೆನೆಂಬುದು ಆಮೇಲೆ ತಿಳಿಯಿತು. ಅದರ ಇತಿಹಾಸ ಆಡಳಿತದಲ್ಲಿ ಆಸಕ್ತಿ ಇರುವವರೆಲ್ಲ ತಿಳಿಯಬೇಕಾದ ಕಥೆ. 1824ರಲ್ಲಿ ಪ್ರಷ್ಯಾದ ಸೇನಾಧಿಕಾರಿ ರೈಸ್‌ವಿಟ್ಸ್ ತಮ್ಮ ತಂದೆ ಆರಂಭಿಸಿದ್ದ ಯುದ್ಧದಾಟವನ್ನು ಪರಿಷ್ಕರಿಸಿ ‘ಕ್ರೀಗ್‌ಸ್ಪೀಲ್’ ಹೆಸರಿನಲ್ಲಿ ನಿಯಮಾವಳಿ ಪ್ರಕಟಿಸಿದರು. ನಕ್ಷೆಯ ಮೇಲೆ ಸೇನಾ ತುಕಡಿಗಳನ್ನು ನಡೆಸುವ, ದಾಳದಿಂದ ಹಾನಿ ಎಣಿಸುವ, ನಡುವೆ ಒಬ್ಬ ಪಂಚ ಕೂರುವ ಆಟ. ಸೇನೆ ಅದನ್ನು ತರಬೇತಿಗೆ ಬಳಸಿತು. ಆದರೆ ನಿಯಮಗಳೂ ಕೋಷ್ಟಕಗಳೂ ಎಷ್ಟು ತೊಡಕಾಗಿದ್ದವೆಂದರೆ ಆಟ ತೆವಳುತ್ತಿತ್ತು. 1876ರಲ್ಲಿ ಫರ್ಡಿ ದು ವೆರ್ನುವಾ ಎಂಬ ಇನ್ನೊಬ್ಬ ಅಧಿಕಾರಿ ಕೋಷ್ಟಕಗಳನ್ನು ಬದಿಗಿಟ್ಟು, ಅನುಭವಿ ಪಂಚನ ವಿವೇಚನೆಯೇ ಸಾಕೆಂದು ವಾದಿಸಿದರು. ನಿಯಮ ಮೇಲೋ ವಿವೇಚನೆ ಮೇಲೋ ಎಂಬ ಜಗಳ ಅಂದೇ ಆರಂಭವಾಗಿತ್ತು.

1880ರಲ್ಲಿ ಚಾರ್ಲ್ಸ್ ಟಾಟನ್ ಎಂಬ ಅಮೆರಿಕದ ಸೇನಾಧಿಕಾರಿ ‘ಸ್ಟ್ರಾಟೆಗೋಸ್’ ಎಂಬ ಗ್ರಂಥ ಬರೆದರು. ಆಟಗಾರ ಏನನ್ನು ಬೇಕಾದರೂ ಪ್ರಯತ್ನಿಸಬಹುದು, ಅದು ಫಲಿಸುವುದೋ ಇಲ್ಲವೋ ಎಂಬುದನ್ನು ಪಂಚ ತೀರ್ಮಾನಿಸಬೇಕು ಎಂಬುದು ಅದರಲ್ಲಿದ್ದ ಒಂದು ವಿಚಾರ. ಹಲವು ದಶಕ ಮರೆತುಹೋಗಿದ್ದ ಆ ಪುಸ್ತಕ ಮಿನೆಸೋಟಾ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಡೇವಿಡ್ ವೆಸ್ಲಿ ಎಂಬ ಯುವಕನ ಕೈಗೆ ಸಿಕ್ಕಿತು. 1969ರಲ್ಲಿ ಆತ ನೆಪೋಲಿಯನ್ ಕಾಲದ ಒಂದು ಕಾಲ್ಪನಿಕ ಜರ್ಮನ್ ಪಟ್ಟಣವನ್ನು ಆಧರಿಸಿ ‘ಬ್ರೌನ್‌ಸ್ಟೈನ್’ ಎಂಬ ಆಟ ನಡೆಸಿದ. ಸೇನಾಪತಿಗಳಷ್ಟೇ ಅಲ್ಲ, ಪಟ್ಟಣದ ಮೇಯರ್, ವಿಶ್ವವಿದ್ಯಾಲಯದ ಕುಲಪತಿ ಇತ್ಯಾದಿ ಪಾತ್ರಗಳನ್ನೂ ಗೆಳೆಯರಿಗೆ ಹಂಚಿದ. ಆಟ ಹಿಡಿತ ತಪ್ಪಿತು. ತಾನು ಸೋತೆನೆಂದೇ ಆತ ಭಾವಿಸಿದ. ಆಡಿದವರು ಮಾತ್ರ ಮತ್ತೊಮ್ಮೆ ಆಡೋಣವೆಂದು ದುಂಬಾಲು ಬಿದ್ದರು. ಅವರಲ್ಲೊಬ್ಬರು ಡೇವ್ ಆರ್ನೆಸನ್. 1971ರಲ್ಲಿ ಅವರು ‘ಬ್ಲಾಕ್‌ಮೂರ್’ ಎಂಬ ಕಾಲ್ಪನಿಕ ನಾಡನ್ನೂ ಅದರ ಕೋಟೆಯಡಿಯ ನೆಲಮಾಳಿಗೆಗಳನ್ನೂ ಕಟ್ಟಿದರು. ಮುಂದೆ ನೆರೆಯ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಪಟ್ಟಣದ ಗ್ಯಾರಿ ಗೈಗ್ಯಾಕ್ಸ್ ಅವರ ಜೊತೆಗೂಡಿದರು. ಗೈಗ್ಯಾಕ್ಸ್ ವಿಮಾ ಕಂಪನಿಯ ಕೆಲಸ ಕಳೆದುಕೊಂಡು, ಮನೆಯಲ್ಲಿ ಪಾದರಕ್ಷೆ ರಿಪೇರಿ ಮಾಡಿ ಸಂಸಾರ ನಡೆಸಿದ್ದವರು. ಇವರಿಬ್ಬರ ಆಟ 1974ರಲ್ಲಿ ಮೂರು ಪುಟ್ಟ ಪುಸ್ತಿಕೆಗಳ ಪೆಟ್ಟಿಗೆಯಾಗಿ, 10 ಡಾಲರ್ ಬೆಲೆಗೆ ಹೊರಬಂತು. ಮೊದಲ ಮುದ್ರಣ 1,000 ಪ್ರತಿ.

ಆಟದ ನಸೀಬು ಏರಿಳಿತಗಳದ್ದು. ಗೌರವಧನದ ವಿಷಯವಾಗಿ ಆರ್ನೆಸನ್ 1979ರಲ್ಲಿ ದಾವೆ ಹೂಡಬೇಕಾಯಿತು. 1980ರ ದಶಕದಲ್ಲಿ ಇದು ಮಕ್ಕಳನ್ನು ಸೈತಾನನ ಪೂಜೆಗೆ ಎಳೆಯುತ್ತದೆಂಬ ಗುಲ್ಲೆದ್ದಿತು. ಅದೇ ಆಟದ ಐವತ್ತನೆಯ ವರ್ಷಕ್ಕೆ, 2024ರಲ್ಲಿ, ಅಮೆರಿಕದ ಅಂಚೆ ಇಲಾಖೆ ಅಂಚೆಚೀಟಿಗಳನ್ನು ಹೊರತಂದಿತು. ಗೈಗ್ಯಾಕ್ಸ್ 2008ರಲ್ಲಿ, ಆರ್ನೆಸನ್ 2009ರಲ್ಲಿ ತೀರಿಕೊಂಡಿದ್ದರು.

ಇನ್ನು ನಮ್ಮ ಆಟಕ್ಕೆ ಬರೋಣ. ಗಾಬ್ಲಿನ್‌ಗಳೆಂಬ ಕುರೂಪಿ ಜೀವಿಗಳು ಹಳ್ಳಿಯೊಂದರ ಏಳು ಮಂದಿಯನ್ನು ಹೊತ್ತೊಯ್ದು ಪಾಳುಕೋಟೆಯ ನೆಲಮಾಳಿಗೆಯಲ್ಲಿ ಕೂಡಿಹಾಕಿದ್ದವು. ಹಳ್ಳಿಯ ಹಿರಿಯರು ನಮಗೆ ಕೊಟ್ಟ ಕರಾರುಪತ್ರದಲ್ಲಿ ಏಳು ಹೆಸರುಗಳಿದ್ದವು. ಜೀವಂತ ಕರೆತಂದರೆ ತಲೆಗೆ ಐವತ್ತು ಚಿನ್ನದ ನಾಣ್ಯ. ಸೂತ್ರಧಾರರು ಆ ಪತ್ರವನ್ನು ಹಳದಿ ಕಾಗದದ ಮೇಲೆ ಬರೆದು ತಂದಿದ್ದರು. ಅಭ್ಯಾಸಬಲದಿಂದ ಅದನ್ನು ನಾನೇ ಇಟ್ಟುಕೊಂಡೆ.

ಮೊದಲ ಕಾಳಗದಲ್ಲಿ ಮಾಂತ್ರಿಕ ಗಾಯಗೊಂಡ. ಒಂದು ಮಂತ್ರ ಹೋಯಿತು. ಬಾಣದ ಬಲೆಯೊಂದರಲ್ಲಿ ಸೊಸೆ ಸಿಕ್ಕಿಬಿದ್ದಳು, ಇನ್ನೊಂದು ಹೋಯಿತು. ಬೀಗ ತೆರೆಯುವಾಗ ಕಳ್ಳಿಯ ಬೆರಳು ತರಚಿತು. ‘ಇದು ಸಣ್ಣದು, ಇರಲಿ ಬಿಡಿ’ ಎಂದು ಆ ಹುಡುಗಿಯೇ ಹೇಳಿದಳು. ನಾನು ಕೇಳಲಿಲ್ಲ. ಅರ್ಜಿ ಬಂದ ಕ್ರಮದಲ್ಲಿ ವಿಲೇವಾರಿ ಮಾಡುವುದು ನನಗೆ ರಕ್ತಗತ. ಮೂರನೆಯ ಮಂತ್ರವೂ ಮುಗಿಯಿತು. ಅರ್ಥಶಾಸ್ತ್ರದ ಮೊದಲ ವರ್ಷದಲ್ಲೇ ಕಲಿಸುವ ಪಾಠವೊಂದಿದೆ. ಒಂದು ವಸ್ತುವಿನ ನಿಜವಾದ ಬೆಲೆಯೆಂದರೆ, ಅದಕ್ಕಾಗಿ ನಾವು ಕೈಬಿಟ್ಟ ಇನ್ನೊಂದರ ಬೆಲೆ. ಪರೀಕ್ಷೆಯಲ್ಲಿ ಆ ಪ್ರಶ್ನೆಗೆ ನಾನು ಚೆನ್ನಾಗಿಯೇ ಉತ್ತರಿಸಿದ್ದೆ.

ಕೊನೆಯ ಕೋಣೆಯಲ್ಲಿ ಏಳು ಮಂದಿ ಸಿಕ್ಕರು. ಅಷ್ಟರಲ್ಲಿ ಎಲ್ಲೋ ಗೋಡೆಯೊಡೆದು ನೀರು ನುಗ್ಗತೊಡಗಿತು. ಕೋಣೆಯ ಮೂಲೆಯಲ್ಲಿ ಎಂಟನೆಯ ಜೀವವೊಂದು ಸರಪಳಿಯಲ್ಲಿತ್ತು. ಅದೊಂದು ಗಾಬ್ಲಿನ್ ಮುದುಕಿ. ಸೆರೆಯಾಳುಗಳಿಗೆ ಗುಟ್ಟಾಗಿ ರೊಟ್ಟಿ ಕೊಟ್ಟಳೆಂದು ತನ್ನವರಿಂದಲೇ ಬಂಧಿತಳಾದವಳು. ನೀರು ಮೊಣಕಾಲಿಗೆ ಬಂದಿತ್ತು. ಸೂತ್ರಧಾರರು ಎಂದಿನಂತೆ ಕೇಳಿದರು: ‘ಈಗ ಏನು ಮಾಡುತ್ತೀರಿ?’

ನಾನು ಹಳದಿ ಕಾಗದವನ್ನು ನೋಡಿ, ಯೋಚಿಸದೆಯೇ ಹೇಳಿಬಿಟ್ಟೆ: ‘ಆಕೆಯ ಹೆಸರು ಪಟ್ಟಿಯಲ್ಲಿ ಇಲ್ಲ.’

ಮೊಮ್ಮಗ ನನ್ನನ್ನೇ ನೋಡಿದ. ‘ತಾತ, ಅದಕ್ಕೆ ಬಿಟ್ಟು ಹೋಗೋದಾ?’

ಆ ಮಾತನ್ನು ನಾನು ಹಿಂದೊಮ್ಮೆ ಆಡಿದ್ದೆ. 2009ರ ಅಕ್ಟೋಬರಿನಲ್ಲಿ ಉತ್ತರ ಕರ್ನಾಟಕ ಕಂಡ ಪ್ರವಾಹವನ್ನು ಆ ಭಾಗದವರು ಮರೆತಿರಲಾರರು. ಪರಿಹಾರ ಕಾರ್ಯದ ಮೇಲ್ವಿಚಾರಣೆಗೆ ನಿಯೋಜಿತರಾದ ಅಧಿಕಾರಿಗಳಲ್ಲಿ ನಾನೂ ಒಬ್ಬ. ನದಿ ದಂಡೆಯ ಹಳ್ಳಿಯೊಂದರಲ್ಲಿ ಬಿದ್ದ ಮನೆಗಳ ಪಟ್ಟಿ ಸಿದ್ಧವಾಗಿತ್ತು. ಚೆಕ್ ವಿತರಣೆಯ ದಿನ ಒಬ್ಬ ವೃದ್ಧೆ ಬಂದಳು. ಅಣ್ಣನ ಮನೆಯ ಗೋಡೆಗೆ ಒರಗಿಸಿ ಕಟ್ಟಿಕೊಂಡ ಒಂದಂಕಣದ ಗುಡಿಸಲು ಅವಳದು. ಪಂಚಾಯಿತಿಯ ತೆರಿಗೆ ವಹಿಯಲ್ಲಿ ಅದಕ್ಕೆ ಪ್ರತ್ಯೇಕ ನಮೂದಿರಲಿಲ್ಲ. ನೀರು ಅದನ್ನು ಬುಡಸಮೇತ ಒಯ್ದಿತ್ತು. ‘ಅಮ್ಮಾ, ನಿಮ್ಮ ಹೆಸರು ಪಟ್ಟಿಯಲ್ಲಿ ಇಲ್ಲ’ ಎಂದೆ. ಆಕೆ ಸಿಟ್ಟಾಗಲಿಲ್ಲ. ‘ನೀರು ಪಟ್ಟಿ ನೋಡಿ ಬಂದಿತ್ತೇನ್ರೀ ಸಾಹೇಬ್ರ?’ ಎಂದಷ್ಟೇ ಕೇಳಿ ಹೊರಟುಹೋದಳು.

ನನ್ನ ನಿಲುವಿಗೆ ಸಮರ್ಥನೆ ಇರಲಿಲ್ಲವೆಂದಲ್ಲ. ಅದೇ ವಾರ ಬೀಳದ ಮನೆಗಳ ಹೆಸರನ್ನು ಸೇರಿಸಲು ಮೂರು ಕಡೆಯಿಂದ ಒತ್ತಡ ಬಂದಿತ್ತು. ಪಟ್ಟಿ ಮುಗಿದಿದೆ ಎಂಬ ಒಂದೇ ಮಾತು ನನ್ನನ್ನು ಕಾಪಾಡಿತ್ತು. ಬಲವಿಲ್ಲದವರಿಗಾಗಿ ತೆರೆದ ಬಾಗಿಲಿನಲ್ಲಿ ಮೊದಲು ನುಗ್ಗುವವರು ಬಲವುಳ್ಳವರೇ ಎಂಬುದು ಕಂದಾಯ ಕಚೇರಿಯಲ್ಲಿ ಒಂದು ವರ್ಷ ಕುಳಿತವರಿಗೆಲ್ಲ ಗೊತ್ತು.

ಅರ್ಥಶಾಸ್ತ್ರವೂ ನನ್ನ ಪರವಾಗಿಯೇ ಇತ್ತು. 1977ರಲ್ಲಿ ಫಿನ್ ಕಿಡ್ಲೆಂಡ್ ಮತ್ತು ಎಡ್ವರ್ಡ್ ಪ್ರೆಸ್ಕಾಟ್ ಬರೆದ ಪ್ರಸಿದ್ಧ ಪ್ರಬಂಧ, ವಿವೇಚನೆಗಿಂತ ನಿಯಮವೇ ಲೇಸು ಎಂದು ಸಾಧಿಸುತ್ತದೆ. ಅವರು ಕೊಡುವ ಒಂದು ಉದಾಹರಣೆ ನೆರೆಯದೇ. ನದಿಪಾತಳಿಯಲ್ಲಿ ಮನೆ ಕಟ್ಟಿದವರನ್ನು ಸರ್ಕಾರ ಕೊನೆಗೆ ರಕ್ಷಿಸಿಯೇ ತೀರುತ್ತದೆಂದು ಜನರಿಗೆ ಗೊತ್ತಾದರೆ, ಅವರು ಅಲ್ಲೇ ಮನೆ ಕಟ್ಟುತ್ತಾರೆ. ಇವರಿಬ್ಬರಿಗೂ 2004ರಲ್ಲಿ ನೊಬೆಲ್ ಪುರಸ್ಕಾರ ಬಂತು. ಪ್ರೆಸ್ಕಾಟ್ ದೀರ್ಘಕಾಲ ಪಾಠ ಹೇಳಿದ್ದು ಇದೇ ಮಿನೆಸೋಟಾ ವಿಶ್ವವಿದ್ಯಾಲಯದಲ್ಲಿ. ಪಂಚನ ವಿವೇಚನೆಗೆ ಎಡೆಕೊಟ್ಟ ಹಳೆಯ ಪುಸ್ತಕ ವೆಸ್ಲಿಗೆ ಸಿಕ್ಕಿದ್ದೂ ಅಲ್ಲಿಯೇ.

ನೆಲಮಾಳಿಗೆಯಲ್ಲಿ ಆಟ ಮುಂದುವರಿಯಿತು. ಮುದುಕಿಯನ್ನು ಬಿಡುವುದಿಲ್ಲವೆಂದು ಮಕ್ಕಳು ಒಮ್ಮತದಿಂದ ತೀರ್ಮಾನಿಸಿದರು. ನಾವು ಏಳು ಮಂದಿಯನ್ನು ಮೆಟ್ಟಿಲಿನತ್ತ ಸಾಗಿಸುವುದು, ಮೊಮ್ಮಗನ ಯೋಧ ಸರಪಳಿ ಮುರಿಯುವುದು ಎಂದಾಯಿತು. ಅವನು ತನ್ನ ಗುರಾಣಿಯನ್ನು ಸನ್ನೆಗೋಲಿನಂತೆ ಬಳಸುತ್ತೇನೆಂದ. ಗುರಾಣಿಯಿಂದ ಸರಪಳಿ ಮೀಟುವುದಕ್ಕೆ ನಿಯಮ ಪುಸ್ತಕದಲ್ಲಿ ಪ್ರತ್ಯೇಕ ಸೂತ್ರವಿಲ್ಲ. ಸೂತ್ರಧಾರರು ಕ್ಷಣ ಯೋಚಿಸಿ, ‘ಒಳ್ಳೆಯ ಉಪಾಯ. ಎರಡು ದಾಳ ಎಸೆ, ದೊಡ್ಡದನ್ನು ಇಟ್ಟುಕೋ’ ಎಂದರು. ಆಟದಲ್ಲಿ ಇದಕ್ಕೆ ‘ಅಡ್ವಾಂಟೇಜ್’ ಎನ್ನುತ್ತಾರೆ. ಲೆಕ್ಕ ಹಾಕಿದರೆ ಸರಾಸರಿ 10.5ರಿಂದ ಹೆಚ್ಚುಕಡಿಮೆ 13.8ಕ್ಕೆ ಏರುತ್ತದೆ. ದಾಳದಲ್ಲಿ 6 ಮತ್ತು 17 ಬಿದ್ದವು. ಸರಪಳಿ ಮುರಿಯಿತು. ಮುದುಕಿ ನೀರನ್ನು ಸೀಳಿಕೊಂಡು ನಮ್ಮತ್ತ ಬಂದಳು. ಹಿಂದೆಯೇ ಚಾವಣಿ ಕುಸಿಯಿತು.

ಯೋಧ ಕಲ್ಲುರಾಶಿಯ ಆಚೆ, ನಾವು ಈಚೆ. ಅವನ ಪ್ರಾಣಾಂಕ ಸೊನ್ನೆಗಿಳಿದಿತ್ತು. ಆಗ ಆಟಗಾರ ಸರದಿ ಬಂದಾಗಲೆಲ್ಲ ಇಪ್ಪತ್ತು ಮುಖದ ದಾಳ ಎಸೆಯಬೇಕು. ಹತ್ತು ಅಥವಾ ಮೇಲಾದರೆ ಜೀವದ ಕಡೆ ಒಂದು ಗುರುತು, ಕೆಳಗಾದರೆ ಸಾವಿನ ಕಡೆ ಒಂದು. ಯಾವ ಕಡೆ ಮೊದಲು ಮೂರಾಗುವುದೋ ಅದೇ ತೀರ್ಪು. ಒಂದು ಬಿದ್ದರೆ ಸಾವಿನ ಕಡೆ ಎರಡು ಗುರುತು. ದೂರದಿಂದಲೇ ಹೇಳಿ ಎಬ್ಬಿಸಬಹುದಾದ ಮಂತ್ರ ನನ್ನಲ್ಲಿತ್ತು. ಅದನ್ನು ಬಳಸುವ ಶಕ್ತಿ ತರಚಿದ ಬೆರಳಿಗೆ ಹೋಗಿತ್ತು.

ಅಲ್ಲಿಯವರೆಗೆ ಪರದೆಯ ಹಿಂದೆ ದಾಳ ಎಸೆಯುತ್ತಿದ್ದ ಸೂತ್ರಧಾರರು ಪರದೆಯನ್ನು ಮಡಚಿ ಪಕ್ಕಕ್ಕಿಟ್ಟರು. ‘ಇದನ್ನು ಎಲ್ಲರೂ ನೋಡಲಿ’ ಎಂದರು. ಮೊದಲ ದಾಳ 7. ಎರಡನೆಯದು 12. ಮೂರನೆಯದು ಮೇಜಿನ ಅಂಚಿನವರೆಗೆ ಉರುಳಿ ನಿಂತಿತು: 1.

ಯಾರೂ ಮಾತನಾಡಲಿಲ್ಲ. ಮೊಮ್ಮಗ ಆ ಪಾತ್ರವನ್ನು ಎರಡು ವರ್ಷದಿಂದ ಆಡುತ್ತಿದ್ದ. ಇಷ್ಟು ದಿನ ಆಡಿದ್ದೂ ಆಗೊಮ್ಮೆ ಈಗೊಮ್ಮೆ ಬಿಡುವಿನಲ್ಲಿ. ಹೊಸ ಶಾಲೆಗೆ ಸೇರಿ ಗೆಳೆಯರಿಲ್ಲದೆ ಮುದುಡಿದ್ದ ಹುಡುಗನನ್ನು ಈ ಮೇಜೇ ಮಾತಿಗೆಳೆದಿತ್ತೆಂದು ಸೊಸೆ ಮೊದಲೇ ಹೇಳಿದ್ದಳು. ನಾನು ತಡೆಯಲಾರದೆ ಸೂತ್ರಧಾರರತ್ತ ಬಾಗಿ, ‘ಮಗು ಅಲ್ಲವೇ, ಇನ್ನೊಂದು ಅವಕಾಶ ಕೊಡಬಾರದೇ?’ ಎಂದೆ. ಮುದುಕಿಯನ್ನು ಪಟ್ಟಿಯ ಹೆಸರಿನಲ್ಲಿ ಬಿಡಹೊರಟಿದ್ದವನು, ಈಗ ನನ್ನ ಮೊಮ್ಮಗನಿಗಾಗಿ ದಾಳವನ್ನೇ ತಿದ್ದಲು ಶಿಫಾರಸು ಮಾಡುತ್ತಿದ್ದೆ! ಅವರು ಮೆಲುದನಿಯಲ್ಲಿ ಹೇಳಿದರು: ‘ದಾಳ ಎಸೆಯುವ ಮೊದಲು ನಾನು ಎಷ್ಟು ಬೇಕಾದರೂ ಉದಾರಿಯಾಗಬಲ್ಲೆ. ಎಸೆದ ಮೇಲೆ ಅಲ್ಲ. ತಿದ್ದಿದರೆ ಮುಂದೆ ಇವರ ಯಾವ ಗೆಲುವೂ ನಿಜವಾಗಿರುವುದಿಲ್ಲ.’

ಮಿನೆಸೋಟಾದಿಂದ ಹೊತ್ತು ತಂದ ಮಾತು ಇದು. ನಿಯಮ ಬೇಕೋ ವಿವೇಚನೆ ಬೇಕೋ ಎಂದು ನಾವು ತಪ್ಪಾಗಿ ಕೇಳುತ್ತಾ ಬಂದಿದ್ದೇವೆ. ವಿವೇಚನೆ ಯಾವಾಗ ಎಂಬುದು ಸರಿಯಾದ ಪ್ರಶ್ನೆ. ಪುಸ್ತಕದಲ್ಲಿಲ್ಲದ ಗುರಾಣಿಯ ಉಪಾಯಕ್ಕೆ ಆ ಶಿಕ್ಷಕರು ಜಾಗ ಮಾಡಿಕೊಟ್ಟರು. ಎಲ್ಲರೆದುರು ಬಿದ್ದ ದಾಳವನ್ನು ಮುಟ್ಟಲಿಲ್ಲ. ನಾವು ಅಧಿಕಾರಿಗಳು ಹಲವು ಸಲ ಇದನ್ನು ತಿರುವುಮುರುವಾಗಿ ಮಾಡುತ್ತೇವೆ. ಪಟ್ಟಿ ತಯಾರಾಗುವ ಹಂತದಲ್ಲಿ, ಅಂದರೆ ಕಣ್ಣು ತೆರೆದು ಊರು ಸುತ್ತಬೇಕಾದ ಹೊತ್ತಿನಲ್ಲಿ, ನಮೂನೆಯ ಕಾಲಂಗಳಿಗೆ ಶರಣಾಗುತ್ತೇವೆ. ಪಟ್ಟಿ ಮುಗಿದ ಮೇಲೆ, ದೂರವಾಣಿ ಮಾಡಬಲ್ಲವರಿಗಾಗಿ ಉದಾರಿಗಳಾಗುತ್ತೇವೆ.

ಆ ವೃದ್ಧೆಯ ವಿಷಯದಲ್ಲಿ ನನ್ನ ತಪ್ಪು ಚೆಕ್ ವಿತರಣೆಯ ದಿನದ್ದಲ್ಲ. ಅದಕ್ಕೂ ಮೊದಲಿನದು. ಪಟ್ಟಿಯ ಕರಡು ನನ್ನ ಮೇಜಿಗೆ ಬಂದಿತ್ತು. ತೆರಿಗೆ ವಹಿಯಲ್ಲಿಲ್ಲದ ಗುಡಿಸಲುಗಳು ಇರುತ್ತವೆಂದು ನನಗೆ ಗೊತ್ತಿತ್ತು. ಒಂದು ಸ್ಥಳ ಪಂಚನಾಮೆ, ಊರವರ ಮುಂದೆ ಒಮ್ಮೆ ಓದಿ ಹೇಳುವುದು, ಒಂದು ಪೂರಕ ಪಟ್ಟಿ ಇವು ನನ್ನ ಅಧಿಕಾರದಲ್ಲೇ ಇದ್ದವು. ಕೆಲಸದ ಒತ್ತಡದಲ್ಲಿ ಸಹಿ ಹಾಕಿದೆ. ನಂತರ ನಿಯಮವನ್ನು ಗುರಾಣಿಯಾಗಿ ಹಿಡಿದೆ. ಕಿಡ್ಲೆಂಡ್ ಮತ್ತು ಪ್ರೆಸ್ಕಾಟ್ ಹೇಳಿದ್ದು ಕೊಟ್ಟ ಮಾತನ್ನು ನಡುವೆ ಮುರಿಯಬೇಡಿ ಎಂದು. ಮಾತು ಕೊಡುವ ಮೊದಲು ಯಾರನ್ನೂ ಎಣಿಸಬೇಡಿ ಎಂದಲ್ಲ.

ಈಗ ಪಟ್ಟಿಗಳನ್ನು ಗಣಕಯಂತ್ರ ತಯಾರಿಸುತ್ತದೆ. ‘ಸಿಸ್ಟಂ ಒಪ್ಪುತ್ತಿಲ್ಲ’ ಎಂಬುದು ಕಚೇರಿಗಳ ಹೊಸ ಮಂತ್ರ. ಬೆರಳಚ್ಚು ಹೊಂದದ ಮುದುಕರು, ಹೆಸರಿನ ಒಂದಕ್ಷರ ತಪ್ಪಿದ ವಿಧವೆಯರು ಕಿಟಕಿಯ ಮುಂದೆ ನಿಂತೇ ಇರುತ್ತಾರೆ. ಯಂತ್ರಕ್ಕೆ ಪಕ್ಷಪಾತವಿಲ್ಲ, ನಿಜ. ಆದರೆ ಅದು ‘ಈಗ ಏನು ಮಾಡುತ್ತೀರಿ?’ ಎಂದೂ ಕೇಳುವುದಿಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆ ಪರದೆಯನ್ನು ಮಡಚಿ ದಾಳವನ್ನು ಎಲ್ಲರೂ ನೋಡುವಂತೆ ಮಾಡಿತು. ಅದು ದೊಡ್ಡ ಸಾಧನೆ. ದಾಳ ಎಸೆಯುವ ಮೊದಲೇ ಎಂಟನೆಯವರನ್ನು ಹುಡುಕಿ ನೋಡುವ ಕೆಲಸ ಮಾತ್ರ ಇಂದಿಗೂ ಮೇಜಿನ ಹಿಂದೆ ಕುಳಿತ ಮನುಷ್ಯನದೇ.

ವಿಸ್ಕಾನ್ಸಿನ್‌ನ ಒಂದು ಜೈಲಿನಲ್ಲಿ ಈ ಆಟವನ್ನು ನಿಷೇಧಿಸಿದ್ದರು. ಒಬ್ಬ ಉಳಿದವರ ಮೇಲೆ ಅಧಿಕಾರ ನಡೆಸುವ ರೀತಿ ಪುಂಡರ ಗುಂಪಿಗೆ ಹೋಲುತ್ತದೆಂಬುದು ಅಧಿಕಾರಿಗಳ ಭಯ. ಮೇಲ್ಮನವಿ ನ್ಯಾಯಾಲಯ 2010ರಲ್ಲಿ ನಿಷೇಧವನ್ನು ಎತ್ತಿಹಿಡಿಯಿತು. ಜೈಲಿನ ಶಿಸ್ತು ಏನೆಂದು ನನಗೆ ಗೊತ್ತು. ಆ ಅಧಿಕಾರಿಗಳನ್ನು ಗೇಲಿ ಮಾಡಲಾರೆ. ಆದರೆ ನಾನು ಕಂಡ ಸೂತ್ರಧಾರರು ಐದು ಗಂಟೆಗಳಲ್ಲಿ ಒಂದು ಅಪ್ಪಣೆಯನ್ನೂ ಕೊಡಲಿಲ್ಲ. ಅವರು ಮತ್ತೆ ಮತ್ತೆ ಕೇಳಿದ್ದು ಅದೇ ಮೂರು ಪದಗಳ ಪ್ರಶ್ನೆ. ಇಡೀ ಸೇವಾವಧಿಯಲ್ಲಿ ನನ್ನ ಮೇಜಿನೆದುರು ನಿಂತವರಿಗೆ ನಾನು ಆ ಪ್ರಶ್ನೆ ಕೇಳಿದ ನೆನಪಿಲ್ಲ.

ಆಟ ಮುಗಿದು ಮಕ್ಕಳು ಕಾಗದ, ಪೆನ್ಸಿಲುಗಳನ್ನು ಎತ್ತಿಡುತ್ತಿದ್ದರು. ಮೊಮ್ಮಗ ತನ್ನ ಸತ್ತ ಯೋಧನ ಹಾಳೆಯನ್ನು ಎರಡಾಗಿ ಮಡಚಿ ಪುಸ್ತಕದೊಳಗೆ ಇಟ್ಟ. ಅಳಲಿಲ್ಲ. ಅದಕ್ಕೂ ಮೊದಲು, ಆ ಮೂರನೆಯ ದಾಳ ನಿಂತು ಎಲ್ಲರೂ ಮೌನವಾಗಿದ್ದಾಗ, ಅವನು ಸೂತ್ರಧಾರರನ್ನು ಒಂದೇ ಒಂದು ಪ್ರಶ್ನೆ ಕೇಳಿದ್ದ: ‘ಆ ಅಜ್ಜಿ ಹೊರಗೆ ಬಂದಳಾ?’

2010ರಲ್ಲಿ ನನಗೆ ವರ್ಗವಾಯಿತು. ನದಿ ದಂಡೆಯ ಆ ಹಳ್ಳಿಯ ಬಗ್ಗೆ ಆಮೇಲೆ ಹಲವು ವರದಿಗಳನ್ನು ಓದಿದ್ದೇನೆ, ಒಂದೆರಡಕ್ಕೆ ಟಿಪ್ಪಣಿಯನ್ನೂ ಬರೆದಿದ್ದೇನೆ. ಆ ವೃದ್ಧೆ ಏನಾದಳೆಂದು ಮಾತ್ರ ಒಮ್ಮೆಯೂ ವಿಚಾರಿಸಲಿಲ್ಲ.